ತವರು, ಗಂಡನ ಮನೆ, ಗುಳೆ: ಮೂರು ಊರುಗಳ ನಡುವೆ ಜಾರಿದ ಒಂದು ಕೂಸು

ಇದು ಕಲ್ಯಾಣ ಕರ್ನಾಟಕದ ಒಂದು ತಾಲೂಕಿನ ಪ್ರಕರಣ. ಊರು, ಜಾತಿ, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಯಾರಿಗೂ ಸುಳ್ಳು ಹೆಸರು ಕೊಡುವ ಗೋಜಿಗೂ ಹೋಗಿಲ್ಲ. ಹಳ್ಳಿಯಲ್ಲಿ ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದೇ ಕಡಿಮೆ: ಆಶಾಕ್ಕ, ಟೀಚರ್, ಸಿಸ್ಟರ್, ಬಾಣಂತಿ, ಅತ್ತಿ, ಕೂಸು. ಈ ಬರಹಕ್ಕೂ ಅಷ್ಟು ಸಾಕು. ನಾನು ಆಗ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಆರೋಗ್ಯ ಸಹಾಯಕಿ. ಆಶಾಗಳು, ಸಿಸ್ಟರ್‌ಗಳು ಬರೆದ ರಿಜಿಸ್ಟರುಗಳನ್ನು ತಾಳೆ ನೋಡುವುದು ನನ್ನ ಕೆಲಸ. ಈ ಕೂಸಿನ ವಿಷಯದಲ್ಲಿ ತಾಳೆ ತಪ್ಪಿದ ಸಾಲಿನ ಪಕ್ಕದಲ್ಲಿ ಇದ್ದದ್ದು ನನ್ನದೇ ಸಹಿ.

ಹಿನ್ನೆಲೆ

ತಾಯಿಗೆ 19 ವರ್ಷ, ಚೊಚ್ಚಲ ಬಸಿರು. ಗಂಡನ ಊರಿನಲ್ಲಿ ನಾಲ್ಕನೇ ತಿಂಗಳಲ್ಲಿ ಹೆಸರು ಬರೆಸಿದಳು, ತಾಯಿ ಕಾರ್ಡ್ ಆಯಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2 ಬಂತು. ಇದರಲ್ಲಿ ಯಾರೂ ಬೆಚ್ಚಿಬೀಳುವಂಥದ್ದೇನಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7ರಷ್ಟು ಮಂದಿಗೆ ರಕ್ತಹೀನತೆ ಇದೆ. ದಿನಕ್ಕೆ ಎರಡು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟೆವು. ನುಂಗಿದರೆ ವಾಕರಿಕೆ, ಮಲ ಕಪ್ಪಾಗುವುದು, ಜೊತೆಗೆ ಕೂಸು ದಪ್ಪಾದರೆ ಹೆರಿಗೆ ಕಷ್ಟ ಎಂಬ ಮಾತು. ಗುಳಿಗೆಗಳು ಗೋಡೆಯ ಮಾಡದಲ್ಲಿ, ದೇವರ ಪಟದ ಹಿಂದೆ ಉಳಿದವು. ಮಧ್ಯಾಹ್ನ ಅಂಗನವಾಡಿಗೆ ಹೋಗಿ ಮಾತೃಪೂರ್ಣ ಯೋಜನೆಯ ಊಟ ಮಾತ್ರ ಮಾಡುತ್ತಿದ್ದಳು. ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ. 2017ರ ಗಾಂಧಿ ಜಯಂತಿಯಂದು ರಾಜ್ಯದಾದ್ಯಂತ ಶುರುವಾದ ಈ ಊಟವನ್ನು ಟೀಕಿಸುವವರಿದ್ದಾರೆ. ಅತ್ತೆಯ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ಹುಡುಗಿಗೆ ದಿನಕ್ಕೊಂದು ಮೊಟ್ಟೆ ಸಿಗುವುದು ಅಲ್ಲಿ ಮಾತ್ರ, ನಾನು ಕಂಡಂತೆ.

ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿ ತವರಿಗೆ ಕಳಿಸಿದರು. ತವರು ಬೇರೆ ತಾಲೂಕು, 40 ಕಿಲೋಮೀಟರ್ ದೂರ. ನಮ್ಮ ಆಶಾ ತನ್ನ ಡೈರಿಯಲ್ಲಿ ‘ತವರಿಗೆ ಹೋಗಿದ್ದಾಳೆ’ ಎಂದು ಬರೆದಳು. ಆ ತಿಂಗಳ ಪರಿಶೀಲನೆಯಲ್ಲಿ ನಾನು ಅದರ ಮುಂದೆ ಟಿಕ್ ಹಾಕಿದೆ.

ಆ ಟಿಕ್‌ನಿಂದಲೇ ಈ ಪ್ರಕರಣ ಶುರುವಾಗುತ್ತದೆ. ತವರೂರಿನ ಆಶಾಳ ಪಟ್ಟಿಯಲ್ಲಿ ಆಕೆ ಇಲ್ಲ, ಏಕೆಂದರೆ ನೋಂದಣಿ ನಮ್ಮಲ್ಲಿ. ನಮ್ಮ ಪಟ್ಟಿಯಲ್ಲಿ ಇದ್ದಾಳೆ, ಆದರೆ ಕಣ್ಣೆದುರು ಇಲ್ಲ. ಗುಳಿಗೆಗೆ ಬಗ್ಗದ ರಕ್ತಹೀನತೆಗೆ ಕೊನೆಯ ತಿಂಗಳುಗಳಲ್ಲಿ ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಕೊಡಬೇಕಿತ್ತು, ಯಾರೂ ಕೊಡಲಿಲ್ಲ. ಅಂಗನವಾಡಿ ಊಟವೂ ನಿಂತಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆ ಎಷ್ಟು ಹಳೆಯ ರೂಢಿ ಎಂದರೆ ಅದನ್ನು ಯಾರೂ ಸಮಸ್ಯೆ ಎಂದು ನೋಡುವುದಿಲ್ಲ. ನಮ್ಮ ರಿಜಿಸ್ಟರುಗಳು ಮಾತ್ರ ಹೆಣ್ಣು ಒಂದೇ ಊರಿನಲ್ಲಿ ಇರುತ್ತಾಳೆಂದು ನಂಬಿಕೊಂಡಿವೆ.

ಆಷಾಢದಲ್ಲಿ ಹೆರಿಗೆ ಆಯಿತು, ತಾಲೂಕು ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ. ಹೆಣ್ಣು ಮಗು, ತೂಕ 1.9 ಕೆ.ಜಿ. ತೂಕ 1.8ಕ್ಕಿಂತ ಕಡಿಮೆಯಿದ್ದರೆ ನವಜಾತ ಶಿಶು ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಾರೆ. ಈ ಕೂಸು 100 ಗ್ರಾಂ ಹೆಚ್ಚಿತ್ತು, ಅಳುತ್ತಿತ್ತು, ಮೂರನೇ ದಿನಕ್ಕೆ ಮನೆಗೆ ಹೋಯಿತು. ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಇದೂ ಆ 97ರಲ್ಲಿ ಒಂದು.

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಅಷ್ಟೂ ಭೇಟಿ ಮುಗಿಸಿದರೆ ಆಕೆಗೆ 250 ರೂಪಾಯಿ. ತವರಿನ ಆಶಾ ಒಮ್ಮೆ ಬಂದು ನೋಡಿ ಹೋದಳಂತೆ. ಅವಳನ್ನು ದೂರಲಾರೆ, ಅವಳ ಪಟ್ಟಿಯಲ್ಲಿಲ್ಲದ ಕೂಸು ಅದು.

ತಕ್ಕಡಿ ಹೇಳಿದ್ದು

ದೀಪಾವಳಿ ಮುಗಿದ ವಾರ ಬಾಣಂತಿ ಗಂಡನ ಮನೆಗೆ ಬಂದಳು. ಐದು ತಿಂಗಳು ತವರಲ್ಲಿ ಇರಬೇಕಿದ್ದವಳು ನಾಲ್ಕಕ್ಕೇ ಬಂದದ್ದು ಯಾಕೆಂದು ಆಗ ನಮಗೆ ಹೊಳೆಯಲಿಲ್ಲ. ನಮ್ಮ ಆಶಾ ಮರುದಿನವೇ ಹೋಗಿ ನೋಡಿದಳು. ಸಂಜೆ ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: ‘ಮೇಡಂ, ಕೂಸಿನ ಮಾರಿ ಮುದುಕಿ ಮಾರಿ ಆಗೇತ್ರಿ.’

ಅಂಗನವಾಡಿ ತಕ್ಕಡಿಯಲ್ಲಿ 3.4 ಕೆ.ಜಿ. ಬಂತು. ನಾಲ್ಕು ತಿಂಗಳ ಹೆಣ್ಣು ಕೂಸು ಸುಮಾರು 6.4 ಕೆ.ಜಿ. ಇರಬೇಕು, 4.4ಕ್ಕಿಂತ ಕೆಳಗಿದ್ದರೆ ತೀರಾ ಕಡಿಮೆ ತೂಕ ಎಂದು ಲೆಕ್ಕ. ದಿನಕ್ಕೆ 20–30 ಗ್ರಾಂ ಏರಬೇಕಿದ್ದ ಕೂಸು ಸರಾಸರಿ 12 ಗ್ರಾಂ ಏರಿತ್ತು. ಅಂಗನವಾಡಿ ಟೀಚರ್ ತೋಳಿನ ಸುತ್ತಳತೆ ನೋಡುವ ಪಟ್ಟಿ ತೆಗೆದಳು, ಮತ್ತೆ ಮಡಚಿಟ್ಟಳು. ಕೆಂಪು, ಹಳದಿ, ಹಸಿರಿನ ಆ ಪಟ್ಟಿ ಆರು ತಿಂಗಳು ತುಂಬಿದ ಮಕ್ಕಳಿಗೆ. ನಾಲ್ಕು ತಿಂಗಳ ಕೂಸು ಒಣಗಿದೆ ಎಂದು ಹೇಳಲು ನಮ್ಮ ಕೈಯಲ್ಲಿದ್ದದ್ದು ತಕ್ಕಡಿ ಮತ್ತು ಕಣ್ಣು.

ಏನು ಕುಡಿಸುತ್ತಿದ್ದಾರೆಂದು ಕೇಳಿದೆವು. ‘ಎದಿ ಹಾಲು ಸಾಲಂಗಿಲ್ರಿ’ ಎಂದಳು. ಸಂತೆಯಲ್ಲಿ ತಂದ ಬಾಟಲಿಯಲ್ಲಿ ಎಮ್ಮೆ ಹಾಲಿಗೆ ಎರಡರಷ್ಟು ನೀರು ಬೆರೆಸಿ, ಸಕ್ಕರೆ ಹಾಕಿ ಕೊಡುತ್ತಿದ್ದರು. ಬಾಟಲಿ, ಡಬ್ಬಿ ಹಾಲಿನ ಪ್ರಚಾರವನ್ನು ನಿಷೇಧಿಸುವ ಕಾಯ್ದೆ 1992ರಿಂದಲೂ ಇದೆ. ಬಳೆಯಂಗಡಿಯ ದಾರಕ್ಕೆ ನೇತುಬಿದ್ದ ಬಾಟಲಿಗೆ ಪ್ರಚಾರದ ಅಗತ್ಯವೇ ಇಲ್ಲ.

ತವರಿನಲ್ಲಿ ನಡೆದದ್ದನ್ನು ತುಂಡು ತುಂಡಾಗಿ ಕೇಳಿಸಿಕೊಂಡೆವು. ಗಿಣ್ಣುಹಾಲು ಹಿಂಡಿ ಚೆಲ್ಲಿದ್ದರು. ಮೂರು ದಿನ ಸಕ್ಕರೆ ನೀರು. ಸಣ್ಣ ಕೂಸಿಗೆ ಎದೆ ಚೀಪುವ ಶಕ್ತಿ ಸಾಲದೆ ಬೇಗ ದಣಿದು ನಿದ್ದೆ ಹೋಗುತ್ತಿತ್ತು. ಅದನ್ನು ‘ಹೊಟ್ಟಿ ತುಂಬೇತಿ’ ಎಂದುಕೊಂಡರು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಉಬ್ಬುತ್ತದೆಂದು ದಿನಕ್ಕೆ ಎರಡು ಲೋಟ. ಹೊರಸಿನ ಕೆಳಗೆ ಕೆಂಡ, ಕೋಣೆ ತುಂಬ ಹೊಗೆ. ಚೀಪದ ಎದೆಯಲ್ಲಿ ಹಾಲು ಇಳಿಯುವುದಿಲ್ಲ, ಹಾಲಿಲ್ಲದ ಎದೆಯನ್ನು ಕೂಸು ಚೀಪುವುದಿಲ್ಲ. ಎರಡು ತಿಂಗಳಿಗೆ ಬಾಟಲಿ ಬಂತು.

ಬಾಣಂತನವನ್ನು ಹೀಗಳೆಯುವ ಅಭ್ಯಾಸ ನಮ್ಮ ಇಲಾಖೆಯ ತರಬೇತಿಗಳಲ್ಲಿ ಇದೆ, ನನಗೂ ಇತ್ತು. ಆದರೆ ಅಂಟಿನ ಉಂಡೆ, ಅಳವಿ ಪಾಯಸ, ಮೆಂತ್ಯ, ಬೆಳ್ಳುಳ್ಳಿ ಒಗ್ಗರಣೆ ಎಲ್ಲ ಇರುವ ಮನೆಯ ಬಾಣಂತನ ಬೇರೆ, ಒಣರೊಟ್ಟಿ ಖಾರದ ಮನೆಯ ಬಾಣಂತನ ಬೇರೆ. ಈ ತವರಿನಲ್ಲಿ ನಿಷೇಧಗಳು ಮಾತ್ರ ಉಳಿದಿದ್ದವು, ಉಂಡೆ ಇರಲಿಲ್ಲ.

ಮೊದಲ ತಪ್ಪು

ಅವತ್ತೇ ಮನೆಯಲ್ಲಿ ಕುಳಿತು ಬುದ್ಧಿ ಹೇಳಿದೆವು. ‘ಬಾಟಲಿ ಬಿಸಾಕು, ಆರು ತಿಂಗಳ ತನಕ ಎದೆಹಾಲು ಮಾತ್ರ.’ ನನ್ನ ಬಾಯಿಪಾಠದ ಮಾತು ಅದು. ನೂರಾರು ಮನೆಗಳಲ್ಲಿ ಹೇಳಿದ್ದೇನೆ. ಬಾಣಂತಿ ತಲೆ ತಗ್ಗಿಸಿ ಕೇಳಿದಳು. ಅತ್ತೆ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಿರುಗಿ, ‘ನಾನು ಆರು ಹಡದೀನಿ, ನಾಕು ಉಳದಾವ. ನನಗ ಹಾಲು ಕುಡಸೋದು ಕಲಸ್ತೀರೇನು?’ ಎಂದಳು. ನನಗೆ ಕೇಳಿಸಿದ್ದು ಮಾತಿನ ಬಿರುಸು ಮಾತ್ರ. ‘ನಾಕು ಉಳದಾವ’ ಎಂಬುದು ಕೇಳಿಸಲು ತಿಂಗಳೇ ಬೇಕಾಯಿತು.

ಸೊಸೆ ಹೆದರಿ ಬಾಟಲಿಯನ್ನು ನಿಜವಾಗಿಯೂ ನಿಲ್ಲಿಸಿದಳು. ಐದು ದಿನ ಬಿಟ್ಟು ತೂಗಿದಾಗ 3.3 ಕೆ.ಜಿ. ಹಾಲು ಬತ್ತಿದ ತಾಯಿಗೆ ಎದೆಹಾಲನ್ನೇ ಕೊಡು ಎಂದು ಹೇಳಿ ಇದ್ದ ನೀರು ಹಾಲನ್ನೂ ತಪ್ಪಿಸಿದ್ದೆವು. ಸಲಹೆ ಸರಿಯಾದದ್ದೇ, ಆದರೆ ಅದು ಹುಟ್ಟಿದ ದಿನದ ಸಲಹೆ. ನಾಲ್ಕು ತಿಂಗಳಿಗೆ ಬತ್ತಿದ ಎದೆಗೆ ಬೇರೆಯದೇ ಕೆಲಸ ಬೇಕು. ನಿಂತ ಹಾಲನ್ನು ಮತ್ತೆ ಬರಿಸಬಹುದು ಎಂದು ನಾನು ಓದಿದ್ದೆ, ಮಾಡಿ ನೋಡಿರಲಿಲ್ಲ. ಇದನ್ನು ಓದುವ ಸಿಸ್ಟರ್‌ಗಳು ಬೇರೆಲ್ಲ ಮರೆತರೂ ಈ 100 ಗ್ರಾಮನ್ನು ಮರೆಯಬೇಡಿ.

ವೈದ್ಯಾಧಿಕಾರಿ ನೋಡಿ ಅವತ್ತೇ ಜಿಲ್ಲಾ ಕೇಂದ್ರದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ಎನ್‌ಆರ್‌ಸಿ) ಬರೆದರು.

ನಾಲ್ಕನೇ ದಿನ

ಎನ್‌ಆರ್‌ಸಿ ಎಂದರೆ ತೀವ್ರ ಅಪೌಷ್ಟಿಕ ಮಕ್ಕಳನ್ನು ತಾಯಿಯೊಂದಿಗೆ ಸುಮಾರು 14 ದಿನ ಇಟ್ಟುಕೊಂಡು ಚಿಕಿತ್ಸೆ, ಆಹಾರ ಕೊಡುವ ವಾರ್ಡು. ತಾಯಿಗೆ ಊಟ, ಕೂಲಿ ಹೋದದ್ದಕ್ಕೆ ದಿನಭತ್ಯೆ. ಆರು ತಿಂಗಳೊಳಗಿನ ಕೂಸಿಗೆ ಅಲ್ಲಿ ಮಾಡುವ ಚಿಕಿತ್ಸೆಯ ಗುರಿ ಒಂದೇ, ಎದೆಹಾಲನ್ನು ಮರಳಿ ತರುವುದು. ವಿಧಾನ ಸರಳ, ತಾಳ್ಮೆ ಬಹಳ ಬೇಕು. ತೆಳು ನಳಿಕೆಯ ಒಂದು ತುದಿಯನ್ನು ಮೊಲೆತೊಟ್ಟಿನ ಪಕ್ಕ ಅಂಟಿಸುತ್ತಾರೆ, ಇನ್ನೊಂದು ತುದಿ ಚಿಕಿತ್ಸೆಯ ಹಾಲಿರುವ ಬಟ್ಟಲಿನಲ್ಲಿ. ಕೂಸು ಎದೆ ಚೀಪಿದಾಗ ನಳಿಕೆಯಿಂದ ಹಾಲು ಬರುತ್ತದೆ. ಕೂಸಿಗೆ ಚೀಪಿದ್ದಕ್ಕೆ ಫಲ, ಎದೆಗೆ ಹಾಲು ತಯಾರಿಸುವ ಕರೆ. ಬಟ್ಟಲನ್ನು ಮೊದಮೊದಲು ತೊಟ್ಟಿಗಿಂತ 5–10 ಸೆಂಟಿಮೀಟರ್ ಕೆಳಗೆ ಹಿಡಿಯಬೇಕು. ಕೂಸಿಗೆ ಶಕ್ತಿ ಬಂದಂತೆ 30 ಸೆಂಟಿಮೀಟರ್‌ವರೆಗೆ ಇಳಿಸುತ್ತ ಹೋಗಬೇಕು. ತಾಯಿಗೆ ಎರಡೇ ಕೈ. ಬಟ್ಟಲು ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ಜೊತೆಗೆ ಹೋದವಳು ಅತ್ತೆ, ಬೇರೆ ಯಾರೂ ಇಲ್ಲದ್ದರಿಂದ. ಮೊದಲ ದಿನ ಮೂಲೆಯಲ್ಲಿ ಮುಖ ತಿರುಗಿಸಿ ಕುಳಿತಳಂತೆ. ಎರಡನೇ ದಿನ ರಾತ್ರಿ ಪಾಳಿಯ ನರ್ಸ್‌ಗೆ ಬೇರೆ ಕೂಸನ್ನು ನೋಡಬೇಕಾಗಿ ಬಂದು, ‘ಅಮ್ಮಾ, ಇದನ್ನ ಒಂದೀಟ ಹಿಡ್ಕೋ’ ಎಂದು ಬಟ್ಟಲನ್ನು ಅತ್ತೆಯ ಕೈಗಿಟ್ಟು ಹೋದಳು. ಇದು ಯಾವ ಯೋಜನೆಯಲ್ಲೂ ಇರಲಿಲ್ಲ. ವಾಪಸು ಬಂದು ನೋಡಿದಾಗ ಮುದುಕಿ ಬಟ್ಟಲನ್ನು ಒಂದು ಬೆರಳು ಮೇಲೆ, ಒಂದು ಬೆರಳು ಕೆಳಗೆ ಮಾಡುತ್ತ, ಕೂಸಿನ ಗಂಟಲು ಕುಣಿಯುವುದನ್ನೇ ನೋಡುತ್ತಿದ್ದಳು.

ನಾಲ್ಕನೇ ದಿನ ಸಂಜೆ ಗಂಡ ಬಂದು ಮೂವರನ್ನೂ ಕರೆದುಕೊಂಡು ಹೋದ. ರಿಜಿಸ್ಟರಿನಲ್ಲಿ ಬಿದ್ದ ಷರಾ: ‘ಹೇಳದೆ ಬಿಟ್ಟುಹೋದವರು.’ ನಮ್ಮ ಸಭೆಯಲ್ಲಿ ಈ ಸುದ್ದಿ ಬಂದಾಗ ಎಲ್ಲರೂ ಹೇಳಿದ್ದು ಎಂದಿನ ಮಾತೇ. ಈ ಜನಕ್ಕೆ ಕೂಸಿನ ಮೇಲೆ ಕಾಳಜಿ ಇಲ್ಲ. ನಾನೂ ತಲೆಯಾಡಿಸಿದೆ.

ಆಶಾ ಮಾತ್ರ ಮನೆಗೆ ಹೋದಳು. ಎರಡನೇ ಸಲ ನನ್ನನ್ನೂ ಕರೆದುಕೊಂಡು ಹೋದಳು. ನಾವು ಹೋದಾಗ ಅತ್ತೆ ಸೊಸೆಯ ಮುಂದೆ ಕುಳಿತಿದ್ದಳು. ಕೈಯಲ್ಲಿ ಸ್ಟೀಲ್ ಬಟ್ಟಲು. ಆಸ್ಪತ್ರೆಯಿಂದ ಹೊರಡುವಾಗ ಆ ನಳಿಕೆಯನ್ನು ಸುತ್ತಿ ತನ್ನ ಎಲೆ-ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡು ಬಂದಿದ್ದಳು! ಬಟ್ಟಲಿನಲ್ಲಿ ಕಾಯಿಸಿದ ಆಡಿನ ಹಾಲು. ಒಂದು ವಾರದಿಂದ ಹಗಲು ರಾತ್ರಿ ಹೀಗೇ ನಡೆದಿತ್ತು.

ನನ್ನ ಬಾಯಿಗೆ ಬಂದದ್ದು ಸೋಂಕು, ಆಡಿನ ಹಾಲು, ಒಮ್ಮೆ ಬಳಸಿದ ನಳಿಕೆ. ಎಲ್ಲವೂ ನಿಜವಾದ ಅಪಾಯಗಳು. ಆಶಾ ನನ್ನ ಮೊಣಕೈ ಹಿಡಿದು ಒತ್ತಿದಳು. ಆಮೇಲೆ ಅತ್ತೆಯ ಪಕ್ಕ ಕುಳಿತು ಕೇಳಿದಳು: ‘ಏನನ್ನಸ್ತದ ಯವ್ವಾ, ಜಗ್ಗತೈತೇನು?’

‘ಈಗ ಜಗ್ಗಾಕತ್ತೈತಿ. ಮೊದಲ ಹಾಂಗಿಲ್ಲ. ನೋಡು’ ಎಂದು ಬಟ್ಟಲನ್ನು ಒಂದು ಗೇಣು ಕೆಳಗಿಳಿಸಿ ತೋರಿಸಿದಳು. ನಳಿಕೆಯಲ್ಲಿ ಹಾಲು ಏರುತ್ತಿತ್ತು. ನಾನು ಅವಳಿಗೆ ಹಾಲು ಕುಡಿಸುವುದು ಕಲಿಸಲು ಬಂದವಳು.

ಆ ಹೊತ್ತಿಗೆ ಎರಡು ಮಾರ್ಗಗಳಿದ್ದವು. ನಳಿಕೆ ಕಸಿದುಕೊಂಡು ಬೈದು ಹೊರಡಬಹುದಿತ್ತು, ಇಲಾಖೆಯ ದೃಷ್ಟಿಯಲ್ಲಿ ನಾನು ಸರಿಯಾಗಿಯೇ ಇರುತ್ತಿದ್ದೆ. ಅದು ಬಿಟ್ಟು, ಈ ಹೆಂಗಸು ಇಷ್ಟು ಮಾಡುವವಳು ಆಸ್ಪತ್ರೆ ಬಿಟ್ಟು ಯಾಕೆ ಬಂದಳು ಎಂದು ಕೇಳಿದೆವು. ಇದುವರೆಗೆ ಯಾರೂ ಕೇಳಿರಲಿಲ್ಲ.

ಜೋಡಿ

ಕಾರಣ ಮೇಸ್ತ್ರಿ. ಆ ಊರಿನಿಂದ ಪ್ರತಿವರ್ಷ ದೀಪಾವಳಿ ಆದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡ ಕೆಲಸಕ್ಕೆ. ಯುಗಾದಿಗೆ ತಿರುಗಿ ಬರುತ್ತಾರೆ. ಮೇಸ್ತ್ರಿ ಮುಂಗಡ ಕೊಡುವುದು ಒಬ್ಬೊಬ್ಬರಿಗಲ್ಲ, ಜೋಡಿಗೆ. ಗಂಡ ಗಾರೆ ಕೆಲಸಕ್ಕೆ, ಹೆಂಡತಿ ಕಲ್ಲು-ಮರಳು ಹೊರಲು. ಈ ಮನೆ 50,000 ರೂಪಾಯಿ ತೆಗೆದುಕೊಂಡಿತ್ತು, ಮದುವೆಯ ಸಾಲ ತೀರಿಸಿತ್ತು. ಬಾಣಂತಿಯನ್ನು ತವರಿನಿಂದ ಒಂದು ತಿಂಗಳು ಮೊದಲೇ ಕರೆಸಿದ್ದು ಇದಕ್ಕೇ. ಅವಳಿಲ್ಲದಿದ್ದರೆ ಜೋಡಿ ಮುರಿಯಿತು, ಮುಂಗಡ ವಾಪಸು. ಎನ್‌ಆರ್‌ಸಿಯ ದಿನಭತ್ಯೆ ಆಮೇಲೆ ಎಂದಾದರೂ ಅವಳ ಖಾತೆಗೆ ಬರಬಹುದು. ಆ ಖಾತೆ ಇದ್ದದ್ದು ತವರೂರಿನ ಬ್ಯಾಂಕಿನಲ್ಲಿ, ಎರಡು ವರ್ಷದಿಂದ ಮುಟ್ಟಿಲ್ಲ. ಜೊತೆಗಿರುವ ಅತ್ತೆಗೆ ಆಸ್ಪತ್ರೆಯಲ್ಲಿ ಊಟವೂ ಇಲ್ಲ. ಮೂರು ದಿನ ಸೊಸೆಯ ತಟ್ಟೆಯಲ್ಲೇ ಹಂಚಿಕೊಂಡು ಉಂಡಿದ್ದಳು.

ಅಂದರೆ ನಾವು ಬುದ್ಧಿ ಹೇಳಿದ್ದು ಸೊಸೆಗೆ, ಸಿಟ್ಟು ಮಾಡಿಕೊಂಡಿದ್ದು ಅತ್ತೆಯ ಮೇಲೆ, ನಿರ್ಧಾರ ಇದ್ದದ್ದು ಪಕ್ಕದ ಊರಿನ ಮೇಸ್ತ್ರಿಯ ಜೇಬಿನಲ್ಲಿ.

ಅವನ ಮನೆಗೆ ಹೋದೆವು. ನಾನು ಕೂಸಿನ ಜೀವ, ತಾಯಿಯ ಹಕ್ಕು ಎಂದೆಲ್ಲ ಮಾತಾಡಿದೆ. ಆತ ಗೌರವದಿಂದ ಚಹಾ ತರಿಸಿದ, ಉತ್ತರ ಕೊಡಲಿಲ್ಲ. ಆಶಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಹೋದ ವರ್ಷ ಕೆಲಸ ನಡಬರಕ ಬಿಟ್ಟು ಎಷ್ಟು ಜೋಡಿ ವಾಪಸ್ ಬಂದ್ವು, ಅಣ್ಣಾ?’ ಮೇಸ್ತ್ರಿ ಬೆರಳು ಮಡಚಿದ. ಮೂರು. ‘ಯಾಕ ಬಂದ್ವು?’ ಮೂರಕ್ಕೂ ಕಾರಣ ಒಂದೇ, ಮಕ್ಕಳಿಗೆ ಜಡ್ಡು. ‘ಇದೂ ಬರ್ತದ ನೋಡು. ಹದಿನೈದು ದಿನಕ್ಕ ಬರ್ತದ. ಆವಾಗ ನಿನ್ನ ಮುಂಗಡಾನೂ ಬರಂಗಿಲ್ಲ.’

ಕರುಣೆಯಿಂದ ಆಗದ್ದು ಲೆಕ್ಕದಿಂದ ಆಯಿತು. ಗಂಡ ಈಗಲೇ ಹೊರಡುವುದು, ಮೈದುನ ಜೋಡಿ ತುಂಬುವುದು, ಬಾಣಂತಿ ಎಳ್ಳು ಅಮಾವಾಸ್ಯೆ ಮುಗಿಸಿಕೊಂಡು ಬರುವುದು. ಇಂಥ ಒಪ್ಪಂದ ಮಾಡಿಸುವುದು ಆರೋಗ್ಯ ಇಲಾಖೆಯ ಕೆಲಸವೇ ಎಂದು ನಮ್ಮವರೇ ಒಬ್ಬರು ಕೇಳಿದರು. ಗುತ್ತಿಗೆಯ ಹಿಡಿತವನ್ನು ನಾವೇ ಒಪ್ಪಿಕೊಂಡಂತಾಯಿತಲ್ಲವೇ ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಈಗಲೂ ಪೂರ್ತಿ ಉತ್ತರವಿಲ್ಲ. ಕೂಸಿಗೆ ಆರು ವಾರ ಸಿಕ್ಕಿತು, ಅಷ್ಟು ಗೊತ್ತು.

ಎರಡನೇ ಸಲ ದಾಖಲಾದಾಗ 17 ದಿನ ಇದ್ದರು. ಅತ್ತೆಯ ಊಟಕ್ಕೆ ವೈದ್ಯಾಧಿಕಾರಿಯೂ ನಾವೂ ಕೈಯಿಂದ ಹಣ ಹಾಕಿದೆವು. ಒಳ್ಳೆಯ ಕೆಲಸವಿರಬಹುದು, ಆದರೆ ವ್ಯವಸ್ಥೆಯಲ್ಲ. ಹತ್ತನೇ ದಿನದ ಹೊತ್ತಿಗೆ ಬಟ್ಟಲಿನ ಹಾಲು ಅರ್ಧಕ್ಕೆ ಇಳಿಯಿತು. ಹದಿನಾಲ್ಕನೇ ದಿನ ನಳಿಕೆ ತೆಗೆದರು. ಕೊನೆಯ ಮೂರು ದಿನ ಬರೀ ಎದೆಹಾಲಿನಲ್ಲೇ ತೂಕ ಏರಿತು. ಬಿಡುಗಡೆಯ ದಿನ 3.9 ಕೆ.ಜಿ.

ಗುಳೆ

ಟೀಚರ್‌ಗೂ ನನಗೂ ಜಗಳವಾದದ್ದು ಇಲ್ಲಿ. ಅವರನ್ನು ಹೇಗಾದರೂ ಮಾಡಿ ಊರಲ್ಲೇ ಉಳಿಸಿಕೊಳ್ಳಬೇಕು ಎಂದು ಅವಳ ವಾದ. ಹೋಗುವವರು ಹೋಗಿಯೇ ಹೋಗುತ್ತಾರೆ, ಹೋಗುವುದಕ್ಕೆ ತಯಾರು ಮಾಡಬೇಕು ಎಂದು ನನ್ನದು. ಕೂಸಿಗೆ ಆರು ತಿಂಗಳು ತುಂಬುವುದೂ, ಅನ್ನ ತಿನ್ನಿಸಲು ಶುರುಮಾಡುವುದೂ, ಬಸ್ ಹತ್ತುವುದೂ ಒಂದೇ ವಾರ. ಕೊನೆಗೆ ಟೀಚರ್ ಅಂಗನವಾಡಿಯಲ್ಲಿ ಕೊಡುವ ಪುಷ್ಟಿ ಹಿಟ್ಟಿನ ಪ್ಯಾಕೆಟ್‌ಗಳನ್ನು ಕಟ್ಟಿಕೊಟ್ಟು, ಬೇಳೆಯಲ್ಲಿ ರೊಟ್ಟಿ ನೆನೆಸಿ ಮೆತ್ತಗೆ ಹಿಸುಕಿ ತುಪ್ಪ ಹಾಕಿ ತಿನ್ನಿಸುವುದನ್ನು ಅತ್ತೆಗೆ ತೋರಿಸಿದಳು. ಅತ್ತೆಯೂ ಬೆಂಗಳೂರಿಗೆ ಹೋಗುವುದೆಂದು ಆಗಿತ್ತು, ಶೆಡ್ಡಿನಲ್ಲಿ ಕೂಸನ್ನು ನೋಡಿಕೊಳ್ಳಲು.

ಕೆಲಸದ ಹೊತ್ತಿನಲ್ಲಿ ಹಿಂಡಿಟ್ಟ ಎದೆಹಾಲು ಕುಡಿಸಲು ಏನು ಬಳಸುವುದು? ಮತ್ತೆ ಬಾಟಲಿ ಬಂದರೆ ಎಲ್ಲ ಮೊದಲಿನಂತೆ. ಅತ್ತೆಯೇ ಅಟ್ಟದಿಂದ ಹಿತ್ತಾಳೆಯ ಒಳಲೆ (ಕೂಸಿಗೆ ಹಾಲು ಕುಡಿಸುವ ಮೂತಿಯ ಸಣ್ಣ ಪಾತ್ರೆ) ತೆಗೆದಳು, ಅವಳ ಮಕ್ಕಳಿಗೆ ಕುಡಿಸಿದ್ದು. ಅದನ್ನು ತಿಕ್ಕಿ ಕುದಿಸಬಹುದು, ಮೂಲೆಗಳಿಲ್ಲ, ರಬ್ಬರಿಲ್ಲ. ಆಸ್ಪತ್ರೆಗಳಲ್ಲಿ ಸಣ್ಣ ಕೂಸುಗಳಿಗೆ ಕುಡಿಸಲು ಬಳಸುವುದೂ ಇದೇ ಆಕಾರದ ಪಾತ್ರೆ. ಹಾಲಿನ ಮಾತಿಗೆ ಹಿತ್ತಾಳೆ ಬೇಡ, ಸ್ಟೀಲಿನದು ತನ್ನಿ ಎಂದೆ. ಸಂತೆಯಲ್ಲಿ ಹುಡುಕಿ ತಂದರು.

ಕಾಗದದ ಕೆಲಸವೂ ಇತ್ತು. ಅಂಗನವಾಡಿಗಳ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ವಲಸೆ ಹೋದವರ ಹೆಸರನ್ನು ಇನ್ನೊಂದು ಅಂಗನವಾಡಿಗೆ ವರ್ಗಾಯಿಸಬಹುದು. ಆದರೆ ಎಲ್ಲಿಗೆ? ಶೆಡ್ಡಿಗೆ ವಿಳಾಸವಿಲ್ಲ, ‘ವೈಟ್‌ಫೀಲ್ಡ್ ಕಡಿ’ ಎಂದಷ್ಟೇ ಗೊತ್ತು. ನಮ್ಮ ಆಶಾ ತಾಯಿ ಕಾರ್ಡಿನ ಹಿಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ತನ್ನ ಫೋನ್ ನಂಬರ್ ಬರೆದು, ಅತ್ತೆಗೆ ಹೇಳಿದಳು: ‘ಗುಲಾಬಿ ಸೀರಿ ಉಟ್ಟಾಕಿ ಯಾರು ಕಂಡ್ರೂ ಇದನ್ನ ತೋರಸು.’

ಹೋದ ಮೇಲೆ ಆರು ವಾರ ಸುದ್ದಿಯಿಲ್ಲ. ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಪರಿಚಯದವರ ಪರಿಚಯದವರನ್ನು ಹಿಡಿದು ಅತ್ತಕಡೆಯ ಒಬ್ಬ ಆಶಾಳನ್ನು ಹುಡುಕಿದೆವು. ಆಕೆ ಹೋಗಿ ನೋಡಿದರೆ ಶೆಡ್ಡುಗಳು ಖಾಲಿ. ಒಂದು ಕಟ್ಟಡ ಮುಗಿಸಿ ತಂಡ ಬೇರೆ ಕಡೆ ಹೋಗಿತ್ತು. ಆ ದಿನಗಳಲ್ಲಿ ನಾನು ಕಲಿತದ್ದು ಕಡಿಮೆ, ನಿದ್ದೆಗೆಟ್ಟದ್ದು ಹೆಚ್ಚು.

ಫೆಬ್ರವರಿಯ ಒಂದು ಗುರುವಾರ ಆಶಾಳ ಫೋನಿಗೆ ಬೆಂಗಳೂರಿನ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಗುರುವಾರ ಲಸಿಕೆಯ ದಿನ. ಕಟ್ಟಡದ ಹತ್ತಿರದ ಲಸಿಕಾ ಶಿಬಿರಕ್ಕೆ ಒಬ್ಬ ಮುದುಕಿ ಕೂಸನ್ನು ಎತ್ತಿಕೊಂಡು ಬಂದಿದ್ದಾಳೆ, ಅವಳ ಮಾತು ತನಗೆ ಅರ್ಧ ತಿಳಿಯುತ್ತಿಲ್ಲ, ಕಾರ್ಡು ತಿರುಗಿಸಿ ತೋರಿಸುತ್ತಿದ್ದಾಳೆ ಎಂದು ಅಲ್ಲಿನ ಸಿಸ್ಟರ್ ಹೇಳಿದಳು. ಬಾಕಿಯಿದ್ದ ಲಸಿಕೆ ಹಾಕಿದರು. ತೂಕ 5.3 ಕೆ.ಜಿ. ಅಲ್ಲಿಂದ ಮುಂದೆ ಎರಡು ಊರಿನ ಆಶಾಗಳು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿಕೊಂಡರು. ಯಾವ ಫಾರಂನಲ್ಲೂ ಇಲ್ಲದ ಈ ಸಂಪರ್ಕ ನಮ್ಮ ಎಲ್ಲ ಫಾರಂಗಳಿಗಿಂತ ಚೆನ್ನಾಗಿ ನಡೆಯಿತು. ರೀಚಾರ್ಜ್ ಅವರವರದೇ.

ಯುಗಾದಿ

ತಿರುಗಿ ಬಂದಾಗ ಕೂಸಿಗೆ ಎಂಟೂವರೆ ತಿಂಗಳು, 5.9 ಕೆ.ಜಿ. ಈಗ ತೋಳಿನ ಪಟ್ಟಿ ಬಳಸಬಹುದಿತ್ತು: 11.9 ಸೆಂಟಿಮೀಟರ್. ಕೆಂಪು 11.5ಕ್ಕೆ ಮುಗಿಯುತ್ತದೆ, ಹಸಿರು 12.5ಕ್ಕೆ ಶುರು. ಹಳದಿ. ಕುಳಿತುಕೊಳ್ಳುತ್ತಿತ್ತು, ಬೇವು-ಬೆಲ್ಲದ ಬಟ್ಟಲಿಗೆ ಕೈ ಹಾಕುತ್ತಿತ್ತು. ಟೀಚರ್ ಕೂಸಿನ ಫೋಟೊ ತೆಗೆದು ಬೆಂಗಳೂರಿನ ಆಶಾಗೆ ಕಳಿಸಿದಳು.

ತಾಯಿ ಬಾಗಿಲ ಹಿಂದೆ ನಿಂತಿದ್ದಳು. ಆಶಾ ಅವಳ ಮುಖ ನೋಡಿ ಒಳಗೆ ಕರೆದುಕೊಂಡು ಹೋದಳು, ಹೊರಗೆ ಬಂದು ನನಗೆ ಎರಡು ಬೆರಳು ತೋರಿಸಿದಳು. ಮತ್ತೆ ಬಸಿರು, ಎರಡು ತಿಂಗಳು ಮುಗಿದಿದ್ದವು.

‘ಹಾಲು ಕುಡಸಾಕತ್ತೀನಲ್ಲ, ಆಗಂಗಿಲ್ಲ ಅಂತ ಸುಮ್ಮನಿದ್ದೆ’ ಎಂದಳು ಆಕೆ. ಹಾಗೆ ಹೇಳಿದ್ದು ನಾವೇ. ಎದೆಹಾಲಿನ ಲಾಭಗಳನ್ನು ಹೇಳುವಾಗ ಅದನ್ನೂ ಸೇರಿಸಿದ್ದೆವು, ಷರತ್ತುಗಳನ್ನು ಬಿಟ್ಟು. ಕೂಸಿಗೆ ಆರು ತಿಂಗಳು ತುಂಬಿರಬಾರದು, ಬೇರೇನೂ ತಿನ್ನಿಸುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರೂ ಇದ್ದಾಗ ಮಾತ್ರ ಆ ರಕ್ಷಣೆ. ಹೆರಿಗೆಯಾದಾಗ ಬಸಿರು ತಡೆಯುವ ವಂಕಿಯ (ಕಾಪರ್-ಟಿ) ಮಾತು ಯಾರೂ ಎತ್ತಲಿಲ್ಲ. ಎನ್‌ಆರ್‌ಸಿಯಲ್ಲಿ ಒಟ್ಟು 21 ದಿನ ಇದ್ದಳು, ಮೂರು ತಿಂಗಳಿಗೊಮ್ಮೆ ಹಾಕಿಸುವ ಗರ್ಭನಿರೋಧಕ ‘ಅಂತರ’ ಚುಚ್ಚುಮದ್ದಿನ ಬಗ್ಗೆ ಅಲ್ಲೂ ಯಾರೂ ಹೇಳಲಿಲ್ಲ. ಮನೆಗೆ ಅಷ್ಟು ಸಲ ಹೋದ ನಾನೂ ಕೂಸನ್ನು ತೂಗಿದೆ, ತಾಯಿಯ ರಕ್ತ ಒಮ್ಮೆಯೂ ನೋಡಲಿಲ್ಲ. ಅವತ್ತು ನೋಡಿದರೆ 8.6. ಹಿಂದಿನ ಸಲ ಶುರುವಾದ ಜಾಗಕ್ಕೇ ಬಂದು ನಿಂತಿದ್ದೆವು, ಮೂರು ಕೆ.ಜಿ. ಕೂಸಿಗೆ ಆರು ಕೆ.ಜಿ. ಆಗಿತ್ತು ಎಂಬುದನ್ನು ಬಿಟ್ಟರೆ.

ಈ ಪ್ರಕರಣವನ್ನು ಆಮೇಲೆ ಆಶಾಗಳ ಮಾಸಿಕ ಸಭೆಯಲ್ಲಿ ಹೇಳಿಕೊಂಡಾಗ ಹೆಚ್ಚು ಚರ್ಚೆಯಾದದ್ದು ನಳಿಕೆಯ ಬಗ್ಗೆಯಲ್ಲ, ಕುಬಸದ ಬಗ್ಗೆ. ಕುಬಸಕ್ಕೆ ಆಶಾಳನ್ನು ಊಟಕ್ಕೆ ಕರೆಯುತ್ತಾರೆ. ಅಂದೇ ತವರಿನ ಕಡೆಯವರು ಬಂದಿರುತ್ತಾರೆ, ಆ ಊರಿನ ಆಶಾ ಯಾರೆಂದು ಕೇಳಿ ಫೋನ್ ಹಚ್ಚಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ಈಗ ಹಾಗೆ ಮಾಡುತ್ತಾರೆ. ‘ತವರಿಗೆ ಹೋಗಿದ್ದಾಳೆ’ ಎಂದು ಬರೆದರೆ ಪಕ್ಕದಲ್ಲಿ ಒಂದು ನಂಬರ್ ಇರಬೇಕು, ಇಲ್ಲದಿದ್ದರೆ ನಾನು ಟಿಕ್ ಹಾಕುವುದಿಲ್ಲ. ‘ಬಿಟ್ಟುಹೋದವರು’ ಎಂಬ ಷರಾದ ಕೆಳಗೆ ‘ಯಾಕೆ’ ಎಂದು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಎಷ್ಟೋ ಸಲ ಉತ್ತರ ಬರುವುದಿಲ್ಲ. ಎಲ್ಲ ಮನೆಯಲ್ಲೂ ಬಟ್ಟಲು ಹಿಡಿಯುವ ಅತ್ತೆ ಇರುವುದಿಲ್ಲ, ಲೆಕ್ಕಕ್ಕೆ ಬಗ್ಗುವ ಮೇಸ್ತ್ರಿಯೂ ಇರುವುದಿಲ್ಲ. ಅದೇ ವರ್ಷ ಇನ್ನೊಂದು ಮನೆಯಲ್ಲಿ ಇದೇ ದಾರಿ ಹಿಡಿದು ಸೋತೆವು.

ಮುಂದಿನ ವಾರವೇ ಎರಡನೇ ತಾಯಿ ಕಾರ್ಡ್ ಬರೆಯಲು ಕುಳಿತೆವು. ಕಬ್ಬಿಣಾಂಶದ ಗುಳಿಗೆಯನ್ನು ಆಶಾ ಬಸುರಿಯ ಕೈಗೆ ಕೊಡದೆ ಅತ್ತೆಯ ಸಂಚಿಗೆ ಹಾಕಿದಳು. ಕಾರ್ಡಿನ ಹಿಂಭಾಗದಲ್ಲಿ ತನ್ನ ನಂಬರ್, ತವರೂರಿನ ಆಶಾಳ ನಂಬರ್, ಬೆಂಗಳೂರಿನವಳ ನಂಬರ್ ಒಂದರ ಕೆಳಗೊಂದು ಬರೆದು ಓದಿ ಹೇಳಿದಳು. ಅತ್ತೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿಸಿಕೊಂಡಳು.

‘ಮೇಸ್ತ್ರಿದು ಬರೀಲಿಲ್ಲಲ್ಲ?’ ಎಂದಳು.